ನಮ್ಮೂರ ಸಂಗ್ರಹಗಳನ್ನು ಅಂತರ್ಜಾಲಕ್ಕೆ ತರುವ ತಂತ್ರಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ, ದಾವಣಗೆರೆ ಸುತ್ತಿನ ಸಣ್ಣ ವಸ್ತುಸಂಗ್ರಹಾಲಯ, ಮಠದ ಗ್ರಂಥಭಂಡಾರ, ವಾಚನಾಲಯ, ನಾಟಕದವರ ಮನೆತನ ಇಂಥವರ ಜೊತೆ ಕೂತು, ಅವರ ಸಂಗ್ರಹವನ್ನು ಅಂತರ್ಜಾಲದಲ್ಲಿ ಹಂಚಲು ಬೇಕಾದ ತಂತ್ರಾಂಶ ಕಟ್ಟುವುದು ನನ್ನ ಕೆಲಸ. ಅದನ್ನು ಬಳಸುವವರೇ ರೂಪಿಸಬೇಕು ಎಂದು ಹೋದಲ್ಲೆಲ್ಲ ಹೇಳುತ್ತೇನೆ. ಹೋದಲ್ಲಿ ಕೇಳಿದ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಶುರುವಿಗೆ ಮೊದಲು

ನಮ್ಮ ಹತ್ರ ಇರೋದೇ ನಾಲ್ಕು ಬೀರು ಹಳೇ ಕಾಗದ, ಎರಡು ಕಟ್ಟು ತಾಳೆಗರಿ. ಇಷ್ಟಕ್ಕೆಲ್ಲ ತಂತ್ರಾಂಶ ಬೇಕಾ?

ಯಾರಾದರೂ ದೂರದೂರಿಂದ ಬರೆದು "ನಿಮ್ಮಲ್ಲಿ ಇಂಥ ಕಾಗದ ಇದೆಯೇ" ಎಂದು ಕೇಳಿದರೆ ಬೀರು ತೆಗೆಯದೆ ಉತ್ತರ ಹೇಳಬಲ್ಲಿರಾ? ಹೇಳಬಲ್ಲಿರಾದರೆ ಅವಸರವಿಲ್ಲ. ಆ ಉತ್ತರ ಒಬ್ಬರೇ ಹಿರಿಯರ ತಲೆಯಲ್ಲಿದ್ದರೆ ಅವಸರವಿದೆ, ಇವತ್ತೇ ಇದೆ. ಆ ಹಿರಿಯರ ಪಕ್ಕ ಒಬ್ಬರನ್ನು ಕೂರಿಸಿ ಪಟ್ಟಿ ಬರೆಸಿ. ಐನೂರು ವಸ್ತುಗಳ ತನಕ ಒಂದು ಸ್ಪ್ರೆಡ್‌ಶೀಟ್ ಸಾಕು. ಅದೇ ನಿಮ್ಮ ಮೊದಲ ತಂತ್ರಾಂಶ, ಮುಂದೆ ಬರುವ ಯಾವ ತಂತ್ರಾಂಶಕ್ಕೂ ಅದೇ ಬೀಜ.

"ಬಳಕೆದಾರರೇ ರೂಪಿಸೋ ತಂತ್ರಾಂಶ" ಅಂತೀರಿ. ಬಳಸೋರಿಗೆ ಕೋಡ್ ಬರೆಯೋಕೆ ಬರುತ್ತಾ?

ಕೋಡ್ ಬರೆಯುವವರು ಬೇರೆ ಇರಬಹುದು. ಅದು ಹೇಗಿರಬೇಕು ಎಂದು ತೀರ್ಮಾನಿಸುವವರು ಬಳಸುವವರು. ಈ ಮಾತಿಗೆ ನನಗೆ ಬಹಳ ಇಷ್ಟದ ಸಾಕ್ಷಿ ಕೋಹಾ ಎಂಬ ಗ್ರಂಥಾಲಯದ ತಂತ್ರಾಂಶ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸೀಮೆಯ ಗ್ರಂಥಾಲಯದವರ ಹಳೆಯ ಗಣಕ ವ್ಯವಸ್ಥೆ 2000ನೇ ಇಸವಿ ದಾಟುವಂತಿರಲಿಲ್ಲ. ದೊಡ್ಡ ಕಂಪನಿಯ ಸರಕು ಕೊಳ್ಳುವ ಬದಲು ತಮಗೆ ಬೇಕಾದದ್ದನ್ನು ತಾವೇ ಹೇಳಿ ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸಕ್ಕೆ ಇಳಿಯಿತು, ಆಮೇಲೆ ಲೋಕಕ್ಕೆಲ್ಲ ಉಚಿತವಾಯಿತು. ಅಲ್ಲಿನ ಮೂಲನಿವಾಸಿಗಳ ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಇಂದು ನಮ್ಮ ಎಷ್ಟೋ ಕಾಲೇಜು ಗ್ರಂಥಾಲಯಗಳು ಅದರ ಮೇಲೇ ನಿಂತಿವೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸಿರಿಗೆರೆಯಲ್ಲಿ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ಸಂಸ್ಕೃತ ವ್ಯಾಕರಣ ಸೂತ್ರಗಳಿಗಾಗಿ 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶ ರೂಪಿಸಿದರು. ವ್ಯಾಕರಣ ಓದುವವರಿಗೆ ಯಾವ ಸೂತ್ರದಿಂದ ಯಾವ ಸೂತ್ರಕ್ಕೆ ಜಿಗಿಯಬೇಕಾಗುತ್ತದೆ ಎಂಬುದು ಓದಿದವರಿಗೇ ಗೊತ್ತು. ಹೊರಗಿನ ಪ್ರೋಗ್ರಾಮರ್ ಅದನ್ನು ಊಹಿಸಲಾರ.

ಇನ್ನೊಂದು ಮಾತು. ಬಳಕೆದಾರ ಎಂದರೆ ಎಲ್ಲರ ಕಣ್ಣಿಗೆ ಬರುವುದು ಮೊಬೈಲಿನಲ್ಲಿ ನೋಡುವ ಓದುಗ. ಸಂಸ್ಥೆಯೊಳಗೆ ದಿನಕ್ಕೆ ಹತ್ತು ವಸ್ತುಗಳ ವಿವರ ತುಂಬುವ ಗುಮಾಸ್ತರೂ ಬಳಕೆದಾರರೇ. ಅವರಿಗೆ ಬೇಸರ ತರಿಸುವ ತಂತ್ರಾಂಶ ಆರು ತಿಂಗಳಲ್ಲಿ ಸಾಯುತ್ತದೆ, ಓದುಗರಿಗೆ ಎಷ್ಟೇ ಚೆಂದ ಕಂಡರೂ ಸಾಯುತ್ತದೆ. ಮುಂದೆ ಹೇಳುವುದರಲ್ಲಿ ಬಹುಪಾಲು ಇವರ ಪರವಾದ ಮಾತು.

ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿದ್ರೆ ಸಾಲ್ದಾ? ಜನ ಅಲ್ಲೇ ಇದ್ದಾರೆ.

ಹಾಕಿ, ಜನರನ್ನು ಅಲ್ಲಿಂದಲೇ ಕರೆಯಿರಿ. ಆದರೆ ಮೂಲ ಅಲ್ಲಿರಬಾರದು. ಕಳೆದ ವರ್ಷ ಹಾಕಿದ ಒಂದು ಚಿತ್ರವನ್ನು ಅಲ್ಲಿ ಹುಡುಕಿ ನೋಡಿ, ನಿಮಗೇ ತಿಳಿಯುತ್ತದೆ. ಅಲ್ಲಿಗೆ ಏರಿದ ಚಿತ್ರ ಕುಗ್ಗುತ್ತದೆ, ಜೊತೆಗಿದ್ದ ವಿವರ ಕಳಚಿಕೊಳ್ಳುತ್ತದೆ.

ಎಷ್ಟು ಖರ್ಚಾಗುತ್ತೆ?

ತಂತ್ರಾಂಶ ಉಚಿತವಾಗಿ ಸಿಗುತ್ತದೆ. ದುಡ್ಡು ಹೋಗುವುದು ಮನುಷ್ಯರ ಸಮಯಕ್ಕೆ. ಕೈಯಲ್ಲಿ ಒಂದಿಷ್ಟು ಹಣವಿದ್ದರೆ ಅದರಲ್ಲಿ ದೊಡ್ಡ ಭಾಗವನ್ನು ವಿವರ ಬರೆಯುವವರ ಸಂಬಳಕ್ಕೆ ತೆಗೆದಿಡಿ. ಸ್ಕ್ಯಾನರ್ ಕೊಂಡು, ಕೂರಿಸಲು ಜನವಿಲ್ಲದೆ ಮುಸುಕು ಹಾಕಿಟ್ಟ ಕೋಣೆಗಳನ್ನು ನೋಡಿ ಸಂಕಟಪಟ್ಟಿದ್ದೇನೆ.

## ಕೆಲಸಕ್ಕೆ ಕೈ ಹಾಕಿದಾಗ

ಮೊದಲು ಸ್ಕ್ಯಾನ್ ಮಾಡಿಸೋದಾ, ಮೊದಲು ತಂತ್ರಾಂಶ ಮಾಡಿಸೋದಾ?

ಮೊದಲು ನಂಬರ್ ಹಾಕುವುದು. ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಆ ಸಂಖ್ಯೆಯೇ ಕಡತದ ಹೆಸರು.

ಒಂದು ಸಂಗ್ರಹದವರು ಹುಮ್ಮಸ್ಸಿನಲ್ಲಿ ಹೊರಗಿನವರನ್ನು ಕರೆಸಿ ಸಾವಿರಾರು ಪುಟ ಸ್ಕ್ಯಾನ್ ಮಾಡಿಸಿದ್ದರು. ನನ್ನ ಕೈಗೆ ಬಂದದ್ದು ಒಂದು ಹಾರ್ಡ್‌ಡಿಸ್ಕ್. ಒಳಗೆ 'ನ್ಯೂ ಫೋಲ್ಡರ್ 1', 'ನ್ಯೂ ಫೋಲ್ಡರ್ 2', 'ಫೈನಲ್', 'ಫೈನಲ್ ಹೊಸದು'. ಯಾವ ಪುಟ ಯಾವ ಕಟ್ಟಿನದು ಎಂದು ಗೊತ್ತಿದ್ದವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದರು. ತಾಳೆಗರಿಯ ಕಟ್ಟೊಂದರ ಗರಿಗಳ ಕ್ರಮವೇ ತಪ್ಪಿಹೋಗಿತ್ತು. ಕಟ್ಟು ಬಿಚ್ಚಿ ಚಿತ್ರ ತೆಗೆದವರು ಮತ್ತೆ ಪೋಣಿಸುವಾಗ ಅಂಕ ನೋಡಿರಲಿಲ್ಲ. ಅದನ್ನು ಸರಿಪಡಿಸಲು ಹಿಡಿದ ಕಾಲದಲ್ಲಿ ಹೊಸದಾಗಿ ಎರಡು ಸಲ ಸ್ಕ್ಯಾನ್ ಮಾಡಬಹುದಿತ್ತು.

ಆದ್ದರಿಂದ ಕ್ರಮ ಇದು: ಸಂಖ್ಯೆ, ಪಟ್ಟಿ, ಇಪ್ಪತ್ತು ವಸ್ತುಗಳ ಸ್ಕ್ಯಾನ್, ಆ ಇಪ್ಪತ್ತರ ಮೇಲೆ ತಂತ್ರಾಂಶದ ಪ್ರಯೋಗ. ಇಪ್ಪತ್ತರಲ್ಲಿ ಕಂಡ ತಪ್ಪು ಇಪ್ಪತ್ತು ಸಾವಿರಕ್ಕೆ ಹರಡುವುದಿಲ್ಲ.

ರೆಡಿ ಇರೋದನ್ನ ತಗೊಳ್ಳೋದಾ, ಹೊಸದಾಗಿ ಬರೆಸೋದಾ?

ಸಿದ್ಧವಿರುವುದನ್ನೇ ತೆಗೆದುಕೊಳ್ಳಿ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದವರು 2008ರಲ್ಲಿ ಹೊರತಂದ ಒಮೆಕಾ ಸಣ್ಣ ಸಂಗ್ರಹಗಳಿಗೆ ಹೇಳಿ ಮಾಡಿಸಿದ್ದು. ಸಾವಿರಾರು ವಸ್ತು, ಅವುಗಳ ಸ್ಥಳಾಂತರ, ಸಂರಕ್ಷಣೆಯ ಲೆಕ್ಕವೂ ಬೇಕಾದರೆ ಕಲೆಕ್ಟಿವ್‌ಆಕ್ಸೆಸ್. ಪ್ರಬಂಧ, ಪುಸ್ತಕಗಳೇ ಹೆಚ್ಚಾದರೆ ಡಿಸ್ಪೇಸ್. ನಮ್ಮ ದೇಶದ್ದೇ ಆದ, ಪುಣೆಯ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನವರು ವಸ್ತುಸಂಗ್ರಹಾಲಯಗಳಿಗೆಂದು ಕಟ್ಟಿದ ಜತನ್ ಇದೆ. ರಾಷ್ಟ್ರೀಯ ಮಟ್ಟದ ಸಂಗ್ರಹಾಲಯಗಳು ಅದನ್ನು ಬಳಸುತ್ತವೆ.

ಹೊಸದಾಗಿ ಬರೆಯಬೇಕಾದದ್ದು ಇವುಗಳ ಅಂಚಿನಲ್ಲಿ ಉಳಿಯುವ ಚೂರುಪಾರು: ಕನ್ನಡದ ನಮೂನೆ, ಸಂವತ್ಸರದ ಲೆಕ್ಕ, ಊರಹೆಸರಿನ ಪಟ್ಟಿ. ನಮ್ಮ ಶ್ರಮಕ್ಕೆ ಬೆಲೆ ಬರುವುದೂ ಅಲ್ಲೇ. ಆ ಚೂರುಗಳನ್ನು ಬರೆದ ಮೇಲೆ ಬೇರೆಯವರಿಗೂ ಸಿಗುವಂತೆ ಮುಕ್ತವಾಗಿಡಿ. ಚಳ್ಳಕೆರೆಯಲ್ಲಿ ಬರೆದದ್ದು ಚನ್ನಗಿರಿಗೂ ಬೇಕಾಗುತ್ತದೆ.

ನಮ್ಮ ಗುಮಾಸ್ತರು ಕಂಪ್ಯೂಟರ್ ಅಂದ್ರೆ ದೂರ ಸರೀತಾರೆ. ಅವರ ಕೈಲಿ ಮಾಡ್ಸೋದು ಹೇಗೆ?

ಅವರು ದೂರ ಸರಿಯುವುದು ತಮ್ಮ ಕೆಲಸದ ಕ್ರಮವನ್ನು ಕಂಪ್ಯೂಟರ್ ಕೆಡಿಸುತ್ತದೆ ಎಂಬ ಅನುಭವದಿಂದ. ಆ ಅನುಭವ ಸುಳ್ಳಲ್ಲ.

ನಾನು ಮೊದಲ ಎರಡು ದಿನ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಅವರ ಪಕ್ಕ ಕೂತು ರಿಜಿಸ್ಟರ್ ಬರೆಯುವುದನ್ನು ನೋಡುತ್ತೇನೆ. ಯಾವ ಕಲಂ ಮೊದಲು ತುಂಬುತ್ತಾರೆ, ಯಾವುದನ್ನು ಖಾಲಿ ಬಿಟ್ಟು ಆಮೇಲೆ ಬರುತ್ತಾರೆ, ಪೆನ್ಸಿಲಿನಲ್ಲಿ ಏನು ಬರೆಯುತ್ತಾರೆ, ಶಾಯಿಯಲ್ಲಿ ಏನು ಬರೆಯುತ್ತಾರೆ. ಒಂದು ಕಡೆ ಹಿರಿಯ ಗುಮಾಸ್ತರೊಬ್ಬರು ಖಚಿತವಿಲ್ಲದ ವಿವರವನ್ನೆಲ್ಲ ಪೆನ್ಸಿಲಿನಲ್ಲಿ ಬರೆದು, ತಿಳಿದವರು ಬಂದು ಹೌದೆಂದ ಮೇಲೆ ಶಾಯಿಯಲ್ಲಿ ತಿದ್ದುತ್ತಿದ್ದರು. ಮೂವತ್ತು ವರ್ಷದ ಪದ್ಧತಿ ಅದು. ನಾವು ಕಟ್ಟಿದ ನಮೂನೆಯಲ್ಲಿ ಪ್ರತಿ ಖಾನೆಯ ಪಕ್ಕ ಒಂದು ಪೆನ್ಸಿಲ್ ಗುರುತು, ಒಂದು ಶಾಯಿ ಗುರುತು ಇಟ್ಟೆವು. ಅವರಿಗೆ ಯಾರೂ ಕಲಿಸಬೇಕಾಗಲಿಲ್ಲ. ಪೆನ್ಸಿಲ್ ವಿವರಗಳು ಓದುಗರಿಗೆ ತಿಳಿಬಣ್ಣದಲ್ಲಿ ಕಾಣುತ್ತವೆ, 'ಇದು ಇನ್ನೂ ಖಚಿತವಲ್ಲ' ಎಂದು ಅವರಿಗೂ ಗೊತ್ತಾಗುತ್ತದೆ. ಇಷ್ಟು ಒಳ್ಳೆಯ ಉಪಾಯ ನನ್ನ ತಲೆಗೆ ತಾನಾಗಿ ಹೊಳೆಯುತ್ತಿರಲಿಲ್ಲ.

ಮೂರನೆಯ ದಿನ ನಮೂನೆಯನ್ನು ಹಾಳೆಯ ಮೇಲೆ ಬರೆದು ಕೊಡುತ್ತೇನೆ. ಹಾಳೆಯಲ್ಲಿ ತಪ್ಪು ಕಂಡರೆ ಅವರೇ ಗೀಟು ಹಾಕುತ್ತಾರೆ. ಪರದೆಯ ಮೇಲೆ ತೋರಿಸಿದರೆ ಸಂಕೋಚಕ್ಕೆ "ಚೆನ್ನಾಗಿದೆ ಸಾರ್" ಎಂದುಬಿಡುತ್ತಾರೆ. ಕರೆಂಟ್ ಹೋಗುವ ಊರಿನಲ್ಲಿ 'ಉಳಿಸು' ಎಂಬ ಗುಂಡಿಯನ್ನು ನಂಬಿ ಕೂರಬಾರದು. ಒಂದೊಂದು ಖಾನೆ ತುಂಬಿದಾಗಲೂ ತಾನೇ ಉಳಿಯಬೇಕು, ನೆಟ್ ಇಲ್ಲದಿದ್ದರೂ ಉಳಿಯಬೇಕು. ಅರ್ಧ ಗಂಟೆಯ ಬರಹ ಒಮ್ಮೆ ಅಳಿಸಿಹೋದರೆ ಆ ಮನುಷ್ಯರನ್ನು ಮತ್ತೆ ಕಂಪ್ಯೂಟರ್ ಮುಂದೆ ಕೂರಿಸುವುದು ಬಹಳ ಕಷ್ಟ.

ಒಂದೊಂದು ವಸ್ತುವಿಗೂ ಎಷ್ಟು ವಿವರ ತುಂಬಬೇಕು?

1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಲ್ಲಿ ಸೇರಿದ ಸಭೆಯಿಂದ ಹುಟ್ಟಿದ 'ಡಬ್ಲಿನ್ ಕೋರ್' ಪದ್ಧತಿಯಲ್ಲಿ 15 ಖಾನೆಗಳಿವೆ. ಒಮೆಕಾ ಅದನ್ನೇ ಬಳಸುತ್ತದೆ. ಹದಿನೈದನ್ನೂ ಕಡ್ಡಾಯ ಮಾಡಬೇಡಿ. ಸಂಖ್ಯೆ, ಏನು, ಯಾವ ಊರಿನದು, ಯಾರಿಂದ ಬಂತು, ಯಾವ ಕಾಲದ್ದು, ಹಕ್ಕು ಯಾರದು, ವಿವರ ಬರೆದವರು ಯಾರು ಎಂಬ ಏಳು ಸಾಕು. ಉಳಿದದ್ದು ಬೆಳೆಯುತ್ತ ಹೋಗಲಿ.

ಕಾಲದ ಖಾನೆಯ ಬಗ್ಗೆ ಮಾತ್ರ ತುಸು ಹೆಚ್ಚು ಹೇಳಬೇಕು. ಹೊರಗಿನ ತಂತ್ರಾಂಶ ದಿನ, ತಿಂಗಳು, ಇಸವಿ ಕೇಳುತ್ತದೆ. ನಮ್ಮ ಶಾಸನ, ಬಖೈರು (ಹಳೆಯ ಕಾಲದ ಇತಿಹಾಸದ ಬರಹ), ಕಡತಗಳಲ್ಲಿ ಶಕವರ್ಷ ಇರುತ್ತದೆ ಅಥವಾ ಬರಿಯ ಸಂವತ್ಸರದ ಹೆಸರು ಇರುತ್ತದೆ. ಶಕಕ್ಕೆ 78 ಕೂಡಿದರೆ ಇಸವಿಯ ಹತ್ತಿರ ಬರಬಹುದು. ಸಂವತ್ಸರ ಒಂದೇ ಇದ್ದರೆ ಅದು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಒಂದಕ್ಕಿಂತ ಹೆಚ್ಚು ಇಸವಿಗೆ ಹೊಂದುತ್ತದೆ. ನಾಟಕದ ಕರಪತ್ರಗಳದ್ದು ಇನ್ನೊಂದು ಕಷ್ಟ. ದಾವಣಗೆರೆ ಎಂದರೆ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಊರು. ವೃತ್ತಿರಂಗಭೂಮಿಯ ಕಾಗದಗಳು ಇಲ್ಲಿನ ಮನೆಮನೆಯಲ್ಲಿವೆ. ಊರೂರು ತಿರುಗುವ ಕಂಪನಿಯ ಕರಪತ್ರದಲ್ಲಿ ವಾರ, ತಾರೀಕು, ಟಿಕೆಟ್ ದರ ಎಲ್ಲ ಇದ್ದು ಇಸವಿಯೇ ಇರದಿರಬಹುದು. ನಾಳೆಯ ಆಟಕ್ಕೆ ಇಸವಿ ಯಾರಿಗೆ ಬೇಕಿತ್ತು? ವಾರ ಮತ್ತು ತಾರೀಕು ಕೊಟ್ಟರೆ ಹೊಂದುವ ಇಸವಿಗಳನ್ನು ಸಾಲಾಗಿ ತೋರಿಸುವ ಸಣ್ಣ ಉಪಕರಣ ಬರೆದುಕೊಳ್ಳಿ. ಅದರ ಜೊತೆಗೆ 'ಕಾಗದದಲ್ಲಿ ಬರೆದಂತೆ' ಒಂದು ಖಾನೆ, 'ನಮ್ಮ ಊಹೆ, ಇಂದ–ವರೆಗೆ' ಇನ್ನೊಂದು ಖಾನೆ ಇರಲಿ. ಎರಡನ್ನೂ ಬೆರೆಸಬಾರದು.

## ಕನ್ನಡದ ತೊಡಕು

ನಮ್ಮ ಪಟ್ಟಿ ಎಲ್ಲಾ ಟೈಪ್ ಆಗಿದೆ, ಆದ್ರೆ ಹುಡುಕಿದ್ರೆ ಒಂದೂ ಸಿಗಲ್ಲ. ಯಾಕೆ?

ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಯೂನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಕ್ರಮದಲ್ಲಿ ಟೈಪ್ ಆಗಿರಬೇಕು. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸರಮಾಲೆ. ಫಾಂಟ್ ಬದಲಿಸಿ ನೋಡಿ, ತಕ್ಷಣ ಬಯಲಾಗುತ್ತದೆ. ಪರಿವರ್ತಕಗಳಿವೆ, ಕೆಲಸ ಮಾಡುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಬ್ಬರು ಕೂತು ಓದಿಯೇ ತೀರಬೇಕು. ಹಳೆಯ ಕಡತವನ್ನು ಅಳಿಸಬೇಡಿ.

"ಚಿತ್ರದುರ್ಗ" ಅಂತ ಹುಡುಕಿದ್ರೆ ಅರ್ಧ ಸಿಗುತ್ತೆ, ಇನ್ನರ್ಧ ಎಲ್ಲಿ ಹೋಯ್ತು?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಕೃತಜ್ಞ. ನಮ್ಮ ಸೀಮೆಯ ಸಂಗ್ರಹಗಳ ಅತಿ ದೊಡ್ಡ ತೊಡಕು ಇಲ್ಲಿದೆ.

ಊರಿಗೆ ಹಲವು ಹೆಸರು. ಆಡುಮಾತಿನಲ್ಲಿ ದುರ್ಗ. ಬ್ರಿಟಿಷರ ಕಾಲದ ಕಾಗದಗಳಲ್ಲಿ ಚಿತ್ತಲ್‌ಡ್ರೂಗ್, ಚಿತ್ತಲ್‌ದುರ್ಗ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ನಮ್ಮ ಜಿಲ್ಲೆಯದು, ಅದರ ಹೆಸರಿನಲ್ಲೂ ಇರುವುದು ಚಿತ್ತಲ್‌ಡ್ರೂಗ್. ಮನುಷ್ಯರ ಹೆಸರೂ ಹಾಗೆಯೇ: ಮದಕರಿನಾಯಕ, ಮದಕರಿ ನಾಯಕ, ಮದಕೇರಿ ನಾಯ್ಕ.

ಹೆಸರಿಗಿಂತ ಗೋಜಲು ಗಡಿ. ದಾವಣಗೆರೆ, ಹರಿಹರ, ಜಗಳೂರು 1997ರ ಆಗಸ್ಟ್ 15ರ ತನಕ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿಯ ಕಥೆ ಕೇಳಿ: 1953ರ ತನಕ ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ತಿರುಗಿ ಬಳ್ಳಾರಿ, 2021ರಿಂದ ವಿಜಯನಗರ. ಹರಪನಹಳ್ಳಿಯ 1960ರ ಫೋಟೊಕ್ಕೆ 'ಜಿಲ್ಲೆ' ಖಾನೆಯಲ್ಲಿ ಏನು ಬರೆಯುತ್ತೀರಿ? ಒಬ್ಬ ಗುಮಾಸ್ತರು ಒಂದು ಬರೆದರೆ ಇನ್ನೊಬ್ಬರು ಇನ್ನೊಂದು ಬರೆಯುತ್ತಾರೆ, ಇಬ್ಬರೂ ಸರಿ.

ಆದ್ದರಿಂದ ಜಿಲ್ಲೆಯ ಹೆಸರನ್ನು ವಸ್ತುವಿನ ವಿವರದಲ್ಲಿ ಕೈಯಿಂದ ಬರೆಸಲೇಬಾರದು. ಊರುಗಳದ್ದೇ ಒಂದು ಪ್ರತ್ಯೇಕ ಪಟ್ಟಿ ಮಾಡಿ, ಪ್ರತಿ ಊರಿಗೂ ಒಂದು ಸಂಖ್ಯೆ ಕೊಡಿ. ಅದರ ಕೆಳಗೆ ಎಲ್ಲ ಹೆಸರುಗಳು, ಯಾವ ಇಸವಿಯಿಂದ ಯಾವ ಇಸವಿಗೆ ಯಾವ ಜಿಲ್ಲೆ ಎಂಬುದು ಇರಲಿ. ವಸ್ತುವಿನ ವಿವರದಲ್ಲಿ ಊರನ್ನು ಆರಿಸಿದರೆ ಸಾಕು. ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದಲ್ಲಿ ಊರುಗಳಿಗೆ ಈಗಾಗಲೇ ಗುರುತುಸಂಖ್ಯೆಗಳಿವೆ, ಅವನ್ನು ಜೋಡಿಸಿಟ್ಟರೆ ಬೇರೆ ಸಂಸ್ಥೆಗಳ ಪಟ್ಟಿಯ ಜೊತೆಗೂ ಮಾತುಕತೆ ಸಾಧ್ಯ.

ಇನ್ನು ಭಾಷೆಯದು. ನಮ್ಮಲ್ಲಿ ಕೋಟೆ ಎಂಬುದು ಕೋಟೆಯ, ಕೋಟೆಗೆ, ಕೋಟೆಯೊಳಗೆ ಆಗುತ್ತದೆ. ಪದದ ಆರಂಭ ಹೊಂದಿದರೆ ತೋರಿಸು ಎಂದರೆ ಬಹುಪಾಲು ಸಿಗುತ್ತದೆ. ಆದರೆ 'ಮರ' ಹುಡುಕಿದವರಿಗೆ 'ಮರಳು' ಕೂಡ ಬರುತ್ತದೆ. ಆ ತೊಂದರೆ ಸಹಿಸಬಹುದು, ಏನೂ ಸಿಗದಿರುವುದು ಸಹಿಸಲಾಗದ್ದು. ಏಳುಸುತ್ತಿನಕೋಟೆ ಎಂದು ಕೂಡಿಸಿ ಬರೆದರೂ, ಬಿಡಿಸಿ ಬರೆದರೂ ಸಿಗಬೇಕು. ರ‍್ಯಾಲಿ ಎಂಬಂಥ ಪದಗಳಲ್ಲಿ, ಫೇಸ್‌ಬುಕ್ ಎಂಬಂಥ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಕ, ಬಿಡಿಸುಕಗಳು (ಅಕ್ಷರಗಳನ್ನು ಕೂಡಿಸುವ, ಬಿಡಿಸುವ ಗುರುತುಗಳು) ಅಡಗಿರುತ್ತವೆ. ಹುಡುಕುವ ಮೊದಲು ಕೇಳಿದ ಪದ, ಸಂಗ್ರಹದ ಪಠ್ಯ ಎರಡರಿಂದಲೂ ಅವನ್ನು ತೆಗೆಯಬೇಕು. ಶಾಸನಪಾಠಗಳಿದ್ದರೆ ಹಳಗನ್ನಡದ ಱ, ೞ ಬರುತ್ತವೆ. ಇವತ್ತಿನ ಓದುಗ ರ, ಳ ಎಂದು ಟೈಪ್ ಮಾಡಿದರೂ ಅವು ಸಿಗುವಂತೆ ಒಳಗೆ ಹೊಂದಿಸಿಡಿ. ನಮ್ಮ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ 'ಕನ್ನಡ ಲೆಟರ್ ಫ' ಎಂಬ ತಪ್ಪು ಹೆಸರಿದೆ. ಅಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ, ಹಾಗೇ ಉಳಿದಿದೆ. ಬಳಸುವವರನ್ನು ಕೇಳದೆ ಹೆಸರಿಟ್ಟರೆ ಆಗುವುದು ಇದೇ.

ಹಳೇ ಪುಸ್ತಕ ಸ್ಕ್ಯಾನ್ ಮಾಡಿದ್ರೆ ಅಕ್ಷರ ತಾನೇ ಬರುತ್ತಂತಲ್ಲ?

ಬರುತ್ತದೆ. ಟೆಸೆರಾಕ್ಟ್ ಎಂಬ ಮುಕ್ತ ಉಪಕರಣ ಕನ್ನಡ ಓದುತ್ತದೆ. ಅಚ್ಚುಮೊಳೆಯ ಹಳೆಯ ಪುಟಗಳಲ್ಲಿ ಒತ್ತಕ್ಷರ ತಪ್ಪುತ್ತದೆ, ಕೈಬರಹ ಮತ್ತು ತಾಳೆಗರಿಗೆ ಅದನ್ನು ನಂಬಬೇಡಿ. ತಪ್ಪಿದ ಪಾಠವನ್ನು ಬಚ್ಚಿಡದೆ ಚಿತ್ರದ ಪಕ್ಕದಲ್ಲೇ ತೋರಿಸಿ, ಓದುಗರಿಗೆ ತಿದ್ದಲು ಬಿಡಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2008ರಲ್ಲಿ ಹಳೆಯ ಪತ್ರಿಕೆಗಳನ್ನು ಹೀಗೆ ತೆರೆದಿಟ್ಟಿತು. ಸಾಲುಸಾಲಾಗಿ ತಿದ್ದಲು ಸಾಮಾನ್ಯ ಓದುಗರೇ ಕೂತರು, ಇವತ್ತಿಗೂ ಕೂರುತ್ತಾರೆ. ಪಠ್ಯ ಶುದ್ಧವಾದರೆ ಏನೇನು ಸಾಧ್ಯ ಎಂಬುದಕ್ಕೆ 'ವಚನ ಸಂಚಯ' ನೋಡಿ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ತೋರಿಸುತ್ತದೆ.

## ಹಕ್ಕು, ಒಪ್ಪಿಗೆ

ಫೋಟೊ ನಮ್ಮ ಬೀರುವಿನಲ್ಲಿದೆ ಅಂದ್ಮೇಲೆ ಹಕ್ಕೂ ನಮ್ದೇ ಅಲ್ವಾ?

ಕಾಗದ ನಿಮ್ಮದು, ಹಕ್ಕು ಬೇರೆಯವರದಿರಬಹುದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಕಾಲ ಮತ್ತು ಅದರಾಚೆ 60 ವರ್ಷ ಹಕ್ಕು ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಫೋಟೊಗಳಿಗೂ ಇದೇ ಲೆಕ್ಕ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ: ಹಣ ಕೊಟ್ಟು ತೆಗೆಸಿದ ಫೋಟೊಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ತೆಗೆಸಿದವರು. ಸ್ಟುಡಿಯೋದ ಹಳೆಯ ನೆಗೆಟಿವ್‌ಗಳ ರಾಶಿ ನಿಮ್ಮ ಕೈ ಸೇರಿದ್ದರೆ, ಅದರೊಳಗಿನ ಮದುವೆ ಚಿತ್ರಗಳ ಬಗ್ಗೆ ಆ ಮನೆಯವರನ್ನು ಕೇಳಬೇಕಾಗಬಹುದು. ತಂತ್ರಾಂಶದಲ್ಲಿ ಹಕ್ಕಿನ ಖಾನೆ ಖಾಲಿ ಇದ್ದರೆ ಆ ವಸ್ತು ಹೊರಗೆ ಕಾಣದಂತೆ ಮಾಡಿ. ಮರೆವಿನಿಂದ ಆಗುವ ಅನ್ಯಾಯಕ್ಕೆ ಇದೊಂದೇ ತಡೆ.

ಅಜ್ಜಿ ಹಾಡಿದ್ದು ರೆಕಾರ್ಡ್ ಮಾಡಿದೀವಿ. ನೇರ ನೆಟ್ಟಿಗೆ ಹಾಕ್ಬಹುದಾ?

ಅಜ್ಜಿಯನ್ನು ಕೇಳಿದಿರಾ? ಕೇಳಿದ್ದರೆ, ಏನೆಂದು ಕೇಳಿದಿರಿ? "ರೆಕಾರ್ಡ್ ಮಾಡ್ಲಾ" ಎಂಬುದಕ್ಕೆ ಹೂಂ ಎಂದವರು "ಲೋಕದವರೆಲ್ಲ ಕೇಳಲಿ" ಎಂಬುದಕ್ಕೆ ಹೂಂ ಎಂದಂತಲ್ಲ. ಕಾನೂನಿನಲ್ಲೂ ಹಾಡುಗಾರರಿಗೆ 50 ವರ್ಷದ ಪ್ರದರ್ಶಕರ ಹಕ್ಕಿದೆ.

ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡಿದವರು. ಕಾಡುಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸಬೇಡರ ಹಟ್ಟಿಗಳಲ್ಲಿ ಜುಂಜಪ್ಪನ, ಗಾದರಿಪಾಲನಾಯಕನ ಕಥೆ ಇನ್ನೂ ಬಾಯಲ್ಲಿದೆ. ಇಂಥ ಹಾಡು ಒಬ್ಬರ ಕಂಠದಲ್ಲಿದ್ದರೂ ಇಡೀ ಹಟ್ಟಿಯದು. ಹಬ್ಬದ ಹೊತ್ತಿಗೆ, ಗುಡಿಯ ಮುಂದೆ ಮಾತ್ರ ಹಾಡಬೇಕಾದ ಪದಗಳನ್ನು ಎಲ್ಲಿ ಬೇಕಾದರೂ ಮೊಳಗಿಸುವ ಅಧಿಕಾರ ನಮಗಿಲ್ಲ.

ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವಾರುಮುಂಗು ಜನರ ಜೊತೆ ಕೂತು ಕಟ್ಟಿದ ಮುಕುರ್ತು ಎಂಬ ತಂತ್ರಾಂಶ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಅವರ ನುಡಿಯಲ್ಲಿ ಮುಕುರ್ತು ಎಂದರೆ ಪವಿತ್ರ ವಸ್ತುಗಳನ್ನು ಜೋಪಾನವಾಗಿಡುವ ಚೀಲ. ಅಲ್ಲಿ 'ಎಲ್ಲರಿಗೂ' ಅಥವಾ 'ಯಾರಿಗೂ ಇಲ್ಲ' ಎಂಬ ಎರಡೇ ಬಾಗಿಲುಗಳಿಲ್ಲ. ಮನೆಯವರಿಗೆ, ಹೆಂಗಸರಿಗೆ, ಒಂದು ಕುಲದವರಿಗೆ ಎಂದು ಸಮುದಾಯವೇ ತೀರ್ಮಾನಿಸಿದ ಬಾಗಿಲುಗಳಿವೆ. ಆ ಜನ ಕೇಳಿದ್ದರಿಂದ ಅವು ಹುಟ್ಟಿದವು. ನಾವು ಕಟ್ಟುವುದರಲ್ಲೂ ಕನಿಷ್ಠ ಮೂರು ಬಾಗಿಲು ಇರಲಿ: ಎಲ್ಲರಿಗೂ, ಹಟ್ಟಿಯವರಿಗೆ, ಕೇಳಿ ಪಡೆಯುವವರಿಗೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ದಾರಿಯೂ ಇರಬೇಕು. ಆ ದಾರಿ ಒಂದು ಫೋನ್ ಕರೆಯಷ್ಟು ಸುಲಭವಾಗಿರಬೇಕು, ಅರ್ಜಿ ನಮೂನೆ ಬೇಡ.

ವಾಟರ್‌ಮಾರ್ಕ್ ಹಾಕ್ದೇ ಇದ್ರೆ ಕದ್ದುಬಿಡ್ತಾರಲ್ಲ?

ಚಿತ್ರದ ನಡುವೆ ಹೆಸರು ಬಳಿದರೆ ಮೊದಲು ಕೆಡುವುದು ಪ್ರಾಮಾಣಿಕ ಓದುಗರ ಕೆಲಸ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2012ರಲ್ಲಿ 1,25,000 ಚಿತ್ರಗಳನ್ನು ಸ್ಪಷ್ಟ ರೂಪದಲ್ಲಿ ತೆರೆದಿಟ್ಟು, ಕತ್ತರಿಸಿ ಜೋಡಿಸಿಕೊಳ್ಳಿ ಎಂದು ಜನರಿಗೇ ಕೊಟ್ಟಿತು. ಹಕ್ಕು ಮುಗಿದ ವಸ್ತುಗಳಿಗೆ ನನ್ನ ಸಲಹೆಯೂ ಅದೇ.

ನಿಜವಾದ ಕಳವಿನ ಭಯ ಬೇರೆ ಕಡೆ ಇದೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಅಕ್ಷಾಂಶ, ರೇಖಾಂಶ ಅಡಗಿರಬಹುದು. ಕಾವಲಿಲ್ಲದ ಗುಡಿಯ ವಿಗ್ರಹ, ಬಯಲಲ್ಲಿ ನಿಂತ ವೀರಗಲ್ಲಿನ ಚಿತ್ರ ಹಾಕುವಾಗ ಹೊರಗಿನ ಪ್ರತಿಯಿಂದ ಅದನ್ನು ತಂತ್ರಾಂಶವೇ ಅಳಿಸಬೇಕು, ಒಳಗಿನ ಪ್ರತಿಯಲ್ಲಿ ಉಳಿಸಬೇಕು. 100 ವರ್ಷ ದಾಟಿದ ವಿಗ್ರಹ, 75 ವರ್ಷ ದಾಟಿದ ಮೌಲಿಕ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದೂ ನೆನಪಿರಲಿ.

## ಇನ್ನೂ ಮುಂದೆ ಹೋಗುವವರಿಗೆ

ಓದುಗರು ತಿದ್ದುಪಡಿ ಕಳಿಸ್ತಾರೆ. ಯಾರ ಮಾತು ನಂಬೋದು?

ಎಲ್ಲರ ಮಾತನ್ನೂ ಇಡಿ, ಯಾರ ಮಾತು ಎಂದು ಬರೆದಿಡಿ. ಚಂದ್ರವಳ್ಳಿಯ ಕೆರೆಯ ಬಳಿಯ ಮಯೂರಶರ್ಮನ ಬಂಡೆಶಾಸನವನ್ನೇ ನೋಡಿ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಓದಿದ ಪಾಠ ಒಂದು, ನಂತರದ ವಿದ್ವಾಂಸರು ಒಪ್ಪದ ಸಾಲುಗಳು ಹಲವು. 'ಪಾಠ' ಎಂದು ಒಂದೇ ಖಾನೆ ಇಟ್ಟರೆ ಕೊನೆಗೆ ಬಂದವರು ಮೊದಲಿನವರನ್ನು ಅಳಿಸಿಬಿಡುತ್ತಾರೆ. ಪಾಠ 1, ಪಾಠ 2 ಎಂದು ಓದಿದವರ ಹೆಸರು, ವರ್ಷದ ಜೊತೆ ಸಾಲಾಗಿ ನಿಲ್ಲಿಸಿ. ಓದುಗರ ಟಿಪ್ಪಣಿ ಸಂಸ್ಥೆಯ ವಿವರದೊಳಗೆ ನೇರ ಬೆರೆಯದೆ ಪಕ್ಕದಲ್ಲಿರಲಿ. ಸಂಸ್ಥೆ ಒಪ್ಪಿದರೆ ಕೊಟ್ಟವರ ಹೆಸರಿನ ಸಮೇತ ಒಳಗೆ ಬರಲಿ.

ಹೆಸರು ಬರೆಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ರೈಸ್ 1892ರಲ್ಲಿ ಗುರುತಿಸಿದರು. ಅದರ ಕೊನೆಯಲ್ಲಿ ಬರೆದವನು ಚಪಡ ಎಂದಿದೆ, 'ಲಿಪಿಕಾರ' ಎಂಬ ಅರ್ಥದ ಪದವನ್ನು ಆತ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ವಾಯವ್ಯದ ಆ ಲಿಪಿ ಬಲ್ಲವನೊಬ್ಬ ಇಲ್ಲಿಯ ತನಕ ಬಂದಿದ್ದ ಎಂದು ನಮಗೆ ತಿಳಿದದ್ದೇ ಆ ಒಂದು ಸಹಿಯಿಂದ. ನಿಮ್ಮ ಗುಮಾಸ್ತರ ಹೆಸರನ್ನೂ ವಿವರದ ಕೆಳಗೆ ಹಾಕಿ.

ಐಐಐಎಫ್ ಅಂತ ಕೇಳ್ತಿರ್ತೀವಿ. ನಮ್ಮಂಥ ಸಣ್ಣೋರಿಗೆ ಅದು ಬೇಕಾ?

ಐಐಐಎಫ್ ಎಂದರೆ ಬೇರೆ ಬೇರೆ ಸಂಸ್ಥೆಗಳು ಚಿತ್ರಗಳನ್ನು ಒಂದೇ ಕ್ರಮದಲ್ಲಿ ಅಂತರ್ಜಾಲದಲ್ಲಿ ಹಂಚಲು ಮಾಡಿಕೊಂಡ ಪದ್ಧತಿ. ಎರಡು ಕಾರಣಕ್ಕೆ ಬೇಕು. ಒಂದು, ದೊಡ್ಡ ಚಿತ್ರವನ್ನು ಚೌಕಚೌಕವಾಗಿ ಕತ್ತರಿಸಿ, ಓದುಗ ನೋಡುತ್ತಿರುವ ಭಾಗವನ್ನಷ್ಟೇ ಕಳಿಸುತ್ತದೆ. ಮೊಬೈಲ್ ಡೇಟಾದಲ್ಲಿ ತಾಳೆಗರಿ ಓದುವವರಿಗೆ ಇದು ವರ. ಇನ್ನೊಂದು, ಬೇರೆ ಬೇರೆ ಸಂಸ್ಥೆಗಳಲ್ಲಿರುವ ಚಿತ್ರಗಳನ್ನು ಎಲ್ಲಿಗೂ ಸಾಗಿಸದೆ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಡಬಹುದು. ಒಂದೇ ಕೃತಿಯ ಪ್ರತಿಗಳು ಎರಡು ಮಠಗಳಲ್ಲಿದ್ದು, ಎರಡೂ ಕಡೆಯವರು ತಮ್ಮದನ್ನು ಹೊರಗೆ ಕಳಿಸಲೊಲ್ಲರು ಎನ್ನಿ. ಕಳಿಸಬೇಕಾಗಿಲ್ಲ. ಒಮೆಕಾದ ಈಚಿನ ರೂಪಕ್ಕೆ ಇದನ್ನು ಜೋಡಿಸಲು ಬರುತ್ತದೆ. ಮೊದಲ ವರ್ಷವೇ ಬೇಡ, ಸಂಖ್ಯೆ ಮತ್ತು ಹಕ್ಕಿನ ಖಾನೆ ಗಟ್ಟಿಯಾದ ಮೇಲೆ.

ಎಷ್ಟು ಜನ ನೋಡಿದ್ರು ಅನ್ನೋ ಲೆಕ್ಕ ಕೊಟ್ರೆ ಸಾಕಾ? ಸಮಿತಿಯೋರು ಅದನ್ನೇ ಕೇಳ್ತಾರೆ.

ಅವರಿಗೆ ಅದನ್ನು ಕೊಡಿ. ನಿಮಗಾಗಿ ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ: ಹುಡುಕಿ ಏನೂ ಸಿಗದೆ ಹೋದ ಪದಗಳ ಪಟ್ಟಿ. ತಂತ್ರಾಂಶ ಕಟ್ಟುವವರಿಗೆ ಬಳಕೆದಾರರು ಬರೆಯುವ ನಿಜವಾದ ಪತ್ರ ಅದೇ.

ಒಂದು ಸಂಗ್ರಹದಲ್ಲಿ ಜಾತ್ರೆಯ ಚೆಂದದ ಚಿತ್ರಗಳಿದ್ದವು. ವಿವರದಲ್ಲಿ 'ಶ್ರೀ ಗುರು ತಿಪ್ಪೇರುದ್ರಸ್ವಾಮಿ ರಥೋತ್ಸವ, ನಾಯಕನಹಟ್ಟಿ' ಎಂದಿತ್ತು. ಜನ ಹುಡುಕುತ್ತಿದ್ದದ್ದು 'ಹಟ್ಟಿ ತೇರು', 'ತಿಪ್ಪಜ್ಜನ ಜಾತ್ರೆ'. ಚಿತ್ರ ಇದ್ದೂ ಅವರಿಗೆ ಸಿಗಲಿಲ್ಲ. ಆ ಪಟ್ಟಿ ಕೈಗೆ ಬಂದ ದಿನವೇ 'ಜನ ಕರೆಯುವ ಹೆಸರು' ಎಂಬ ಹೊಸ ಖಾನೆ ಸೇರಿಸಿದೆವು. ತೇರು ಮತ್ತು ರಥ, ಬಾವಿ ಮತ್ತು ಹೊಂಡ ಮತ್ತು ಪುಷ್ಕರಣಿ, ಕಣಜ ಮತ್ತು ಹಗೇವು ಹೀಗೆ ಜೋಡಿಗಳು ಈಗಲೂ ಸೇರುತ್ತಲೇ ಇವೆ. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಗುಮಾಸ್ತರ ಜೊತೆ ಕೂತು ಓದಿ. ಹುಡುಕಿದವರು ಯಾರು ಎಂಬುದನ್ನು ಮಾತ್ರ ದಾಖಲಿಸಬೇಡಿ, ಪದ ಸಾಕು.

ಮಾಡಿಕೊಟ್ಟೋರು ನಾಳೆ ಬಿಟ್ಟು ಹೋದ್ರೆ ನಮ್ಮ ಗತಿ?

ಹೋಗುತ್ತಾರೆ ಎಂದೇ ತಿಳಿದು ಕಟ್ಟಿಸಿ. ನನಗೆ ಗೊತ್ತಿರುವ ಒಂದು ಸಂಗ್ರಹದ ತಾಣದ ಹೆಸರು ಅದನ್ನು ಮಾಡಿಕೊಟ್ಟ ಹುಡುಗನ ಖಾಸಗಿ ಇಮೇಲಿನಲ್ಲಿ ನೋಂದಣಿಯಾಗಿತ್ತು. ಅವನು ಊರು ಬಿಟ್ಟ, ನವೀಕರಣದ ಸೂಚನೆಗಳು ಅವನ ಹಳೆಯ ಇಮೇಲಿಗೆ ಹೋದವು, ತಾಣ ಕಣ್ಮರೆಯಾಯಿತು. ಮೂರು ವರ್ಷ ತುಂಬಿದ ವಿವರಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ.

ತಾಣದ ಹೆಸರು, ಸರ್ವರ್, ಪಾಸ್‌ವರ್ಡ್ ಮೂರೂ ಸಂಸ್ಥೆಯ ಹೆಸರಿನಲ್ಲಿರಬೇಕು, ಲಕೋಟೆಯಲ್ಲಿ ಮುದ್ರೆ ಒತ್ತಿ ಬೀರುವಿನಲ್ಲಿರಬೇಕು. ಕೆಲಸ ಒಪ್ಪಿಸುವ ದಿನ ಮಾಡಿಕೊಟ್ಟವರನ್ನು ಎದುರಿಗೆ ಕೂರಿಸಿಕೊಂಡು "ಎಲ್ಲ ವಿವರವನ್ನೂ ಸ್ಪ್ರೆಡ್‌ಶೀಟಿಗೆ ಇಳಿಸಿ ತೋರಿಸಿ" ಎಂದು ಕೇಳಿ. ಇಳಿಸಲು ಬಾರದಿದ್ದರೆ ಕೊನೆಯ ಕಂತು ಕೊಡಬೇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ದುರ್ಗದವರು ದಾವಣಗೆರೆಯಲ್ಲಿ, ದಾವಣಗೆರೆಯವರು ದುರ್ಗದಲ್ಲಿ ಇಟ್ಟುಕೊಂಡರೂ ಆಯಿತು. ವರ್ಷಕ್ಕೊಮ್ಮೆ ಇಡೀ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ರಟ್ಟು ಕಟ್ಟಿಸಿ, ಗುಮಾಸ್ತರ ಹಳೆಯ ರಿಜಿಸ್ಟರಿನ ಪಕ್ಕದಲ್ಲಿಡಿ.